ಮಂಚ ಬಿಚ್ಚಿ ಮಾಡಿದ ಏರ್‌ಗನ್

ಆದಿವಾಲದ ಸೈಕಲ್ ಶಾಪ್ ರುದ್ರಣ್ಣ ಯಾರ ಜತೆ ಮಾತಾಡಿದರೂ ಎಡಗಣ್ಣು ಮುಚ್ಚಿಕೊಂಡೇ ಮಾತಾಡುತ್ತಿದ್ದ. ತಮ್ಮ ಹಣೆಗೇ ಗುರಿ ಇಟ್ಟಿದ್ದಾನೆ ಅಂದುಕೊಂಡು ಹೊಸಬರು ಒಂದು ಹೆಜ್ಜೆ ಪಕ್ಕಕ್ಕೆ ಸರಿಯುತ್ತಿದ್ದರು. ಕಾಲೇಜಿನ ಎನ್‌ಸಿಸಿ ಕ್ಯಾಂಪಿನಲ್ಲಿ ತನ್ನಂಥ ಗುರಿಕಾರ ಇನ್ನೊಬ್ಬನಿರಲಿಲ್ಲ ಎಂದು ಆತ ವರ್ಷಗಟ್ಟಲೆ ಹೇಳುತ್ತ ಬಂದಿದ್ದ. ಊರು ಅಷ್ಟೇ ವರ್ಷ ನಗುತ್ತ ಬಂದಿತ್ತು.

ಚಿತ್ರದುರ್ಗದಲ್ಲಿ ಐವತ್ತು ದಾಟಿದವರಿಗೆ ಏರ್‌ಗನ್ ಸ್ಪರ್ಧೆ ಇದೆ, ಬಂದೂಕನ್ನು ಅವರವರೇ ತರಬೇಕು ಎಂದು ಗೊತ್ತಾದ ದಿನ ಹಿರಿಯೂರಿನಲ್ಲಿ ಹಳೇ ಮೋಟರ್ ಮಾರುವ ನನ್ನ ಅಂಗಡಿಗೆ ಬಂದ.

"ಊರಿನ ಬಾಯಿ ಮುಚ್ಚಿಸಾಕೆ ಇದೊಂದೇ ದಾರಿ ಕಣಪ್ಪ. ಹೊಸದು ತಗಳ್ಳೋ ತಾಕತ್ತು ನಂಗಿಲ್ಲ. ಒಂದು ಜೋಡಿಸಾಣ ನಡಿ."

ಜಾತ್ರೆಗಳಲ್ಲಿ ಬಲೂನು ಹೊಡೆಸುವವನೊಬ್ಬನ ಬಳಿ ಕೆಟ್ಟ ಏರ್‌ಗನ್‌ಗಳು ಬಿದ್ದಿದ್ದವು. ಬಂದೂಕು ಬೇಕು ಅಂದರೆ ರೇಟು ಏರುತ್ತದೆ. ಗುಜರಿ ಎಂದು ತೂಕಕ್ಕೆ ಕೇಳಬೇಕು. ನೀವೂ ಹಾಗೇ ಮಾಡಿ. ಒಂದರ ನಳಿಗೆ, ಇನ್ನೊಂದರ ಸ್ಪ್ರಿಂಗು, ಮತ್ತೊಂದರ ಕುದುರೆ, ಅಂದರೆ ಟ್ರಿಗರ್. ಗಾಳಿ ಸೋರದಿರಲು ಸೈಕಲ್ ಪಂಪಿನ ಚರ್ಮದ ವಾಷರ್. ಅದು ನೆನೆದದ್ದು ರುದ್ರಣ್ಣನ ಹೆಂಡತಿ ಗಂಗಮ್ಮನವರ ಹರಳೆಣ್ಣೆಯಲ್ಲಿ. ಹಿಡಿಗೆ ಒಳ್ಳೆ ಮರ ಸಿಗದೆ ಮನೆಯ ಮಂಚದ ತೇಗದ ಪಟ್ಟಿಯನ್ನೇ ಬಿಚ್ಚಿದ.

"ಬಂದೂಕು ಹೆಂಗೈತೆ ಅತ್ತಿಗೆ?" ಎಂದು ಕೇಳಿದೆ.

"ಇಲ್ಲೀತನಕ ಅದು ಕೆಡವಿರೋದು ನಮ್ಮ ಮಂಚ ಒಂದೇ," ಎಂದರು ಗಂಗಮ್ಮ.

ಶಾಪಿನ ಹಿಂದಿನ ಮಣ್ಣುದಿಬ್ಬಕ್ಕೆ ರಟ್ಟು ಆನಿಸಿ ಪರೀಕ್ಷೆ ಶುರುವಾಯಿತು. ಗುಂಡುಗಳೆಲ್ಲ ಎಡಕ್ಕೆ, ಕೆಲವು ರಟ್ಟನ್ನೂ ಮುಟ್ಟಲಿಲ್ಲ. ರುದ್ರಣ್ಣ ಗುಡ್ಡದ ಮೇಲಿನ ಗಾಳಿಯಂತ್ರಗಳತ್ತ ಕೈ ಮಾಡಿದ.

"ಆ ಫ್ಯಾನ್‌ಗಳು ನೋಡು. ಗಾಳೀನೆಲ್ಲ ತಮ್ಮ ಕಡೀಗೇ ಎಳ್ಕಂತಾವೆ."

"ಇವತ್ತು ಅವು ನಿಂತವೆ ಕಣಣ್ಣ."

"ನಿಂತ್ರೆ ಇನ್ನೂ ಕಷ್ಟ."

ಮಾಲು ಪರೀಕ್ಷೆ ಮಾಡುವಾಗ ಮಾಲೀಕನನ್ನು ದೂರ ಇಡಬೇಕು. ಏರ್‌ಗನ್ನನ್ನು ಶಾಪಿನ ಕಬ್ಬಿಣದ ಇಕ್ಕಳಕ್ಕೆ, ಅದೇ ವೈಸಿಗೆ, ಅಲುಗದಂತೆ ಬಿಗಿದು, ಕುದುರೆಗೆ ದಾರ ಕಟ್ಟಿ ನಾನೇ ಎಳೆದೆ. ಗುಂಡಿನ ಮೇಲೆ ಗುಂಡು ಒಂದೇ ತೂತಿನಲ್ಲಿ ಹೋಯಿತು. ಬಂದೂಕು ನೆಟ್ಟಗಿತ್ತು. ಎಡಕ್ಕೆ ಎಳೆಯುತ್ತಿದ್ದದ್ದು ರುದ್ರಣ್ಣನ ಕೈ. ಆ ತೂತಿಗೆ ಆತ ಕಿರುಬೆರಳು ಇಟ್ಟು ನೋಡಿದ.

"ದುರ್ಗಕ್ಕೆ ಹೋಗೋದು ಬ್ಯಾಡ ಬಿಡಣ್ಣ, ನಗ್ತಾರೆ," ಎಂದೆ.

"ನಾನು ಹೋಗ್ದಿದ್ರೆ ಇದನ್ನ ಯಾರಪ್ಪ ಕರ್ಕಂಡೋಗ್ತಾರೆ?"

ಸ್ಪರ್ಧೆ ನಡೆದದ್ದು ಹಾಲ್ ಒಳಗೆ. ಬೈಯಲು ಗಾಳಿಯೂ ಇರಲಿಲ್ಲ. ರುದ್ರಣ್ಣ ಎಲ್ಲರಿಗಿಂತ ಕೊನೆಗೆ ಬಂದ. ಆದರೆ ಬಂದೂಕುಗಳ ತಪಾಸಣೆಗೆ ಕೂತಿದ್ದವರು ಅವನದನ್ನು ಕೆಳಗಿಡಲಿಲ್ಲ. ಒಬ್ಬರು ತಾವೇ ಹೊಡೆದು ನೋಡಿದರು. ನಟ್ಟನಡುವಿಗೆ ಬಿತ್ತು.

"ಯಾವ ಕಂಪನಿದು ಇದು?"

"ಆದಿವಾಲದ್ದು ಸಾರ್."

ವಾಪಸ್ ಬರುವಾಗ ಬಸ್ಸಿನಲ್ಲಿ ಅದನ್ನು ಕಂಬಳಿಯಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡಿದ್ದ. "ಬಂದೂಕು ಪಾಸು, ನಾನು ಫೇಲು. ಆದ್ರೂ ಗೆದ್ದೋನ ಬಂದೂಕನ್ನ ಯಾರಾದ್ರೂ ಮುಟ್ಟಿದ್ರೇನಪ್ಪ?" ಊರಿಗೆ ಬಂದು ಈ ಮಾತನ್ನು ಎಲ್ಲರಿಗೂ ತಾನೇ ಹೇಳಿದ. ಎನ್‌ಸಿಸಿ ಕಥೆಯನ್ನು ಮತ್ತೆ ಎತ್ತಲಿಲ್ಲ.

ಹೋದ ವರ್ಷ ರುದ್ರಣ್ಣ ತೀರಿಕೊಂಡ. ತಿಥಿ ಮುಗಿದ ಮೇಲೆ ಗಂಗಮ್ಮ ಏರ್‌ಗನ್ ತಂದು ನನ್ನ ಮುಂದಿಟ್ಟರು.

"ನೀವು ವ್ಯಾಪಾರಸ್ಥರು. ಇದಕ್ಕೊಂದು ರೇಟು ಹೇಳ್ರಿ."

ನಾನು ಯಾವ ಮಾಲಿನಲ್ಲೂ ಕೊರತೆ ತೆಗೆಯದೆ ಬಿಟ್ಟವನಲ್ಲ. ನಳಿಗೆಯೊಳಗೆ ಇಣುಕಿದೆ, ಸ್ಪ್ರಿಂಗ್ ಎಳೆದು ಸದ್ದು ಕೇಳಿದೆ, ಹಿಡಿಯ ಮೇಲೆ ಬೆರಳಾಡಿಸಿದೆ.

"ಇದರಲ್ಲಿ ಒಂದು ತಪ್ಪೂ ಇಲ್ಲ. ಮಾರಬ್ಯಾಡ್ರಿ ಅತ್ತಿಗೆ."

ಗಂಗಮ್ಮ ಏರ್‌ಗನ್ನನ್ನು ಮತ್ತೆ ಕಂಬಳಿಗೆ ಸುತ್ತಿದರು. "ನೀವು ಹಿಂಗಂದಿದ್ದನ್ನ ಅವ್ರು ಒಂದ್ಸಲ ಕೇಳಬೇಕಿತ್ತು ನೋಡ್ರಿ," ಎಂದರು.