ಕಾಕಾನ ಗಿಟಾರಿನ ಎರಡು ಪಿಕಪ್

ಬನಹಟ್ಟಿಯ ನಮ್ಮ ಕಾಕಾ ಪವರ್‌ಲೂಮ್ ನಡೆಸುತ್ತಾರೆ. ಮದುವೆ ಸೀಜನ್ನಿನಲ್ಲಿ ಆರ್ಕೆಸ್ಟ್ರಾದವರ ಜೊತೆ ಎಲೆಕ್ಟ್ರಿಕ್ ಗಿಟಾರ್ ಬಾರಿಸುತ್ತಾರೆ. ಹೋದ ವರ್ಷ ಅದರ ಒಂದು ಪಿಕಪ್ ದನಿ ನಿಲ್ಲಿಸಿತು. ಪಿಕಪ್ ಅಂದರೆ ಅಯಸ್ಕಾಂತಕ್ಕೆ ಸುತ್ತಿದ ತಾಮ್ರದ ಸುರುಳಿ. ಗಿಟಾರಿನ ತಂತಿಗಳ ಕೆಳಗೆ ಕೂತು ಅವುಗಳ ಅಲುಗಾಟವನ್ನು ವಿದ್ಯುತ್ ಮಾಡುವುದು ಅದೇ. ಹೊಸದನ್ನು ಹಾಕಿಸಿ ಅಂದರು ಅಂಗಡಿಯವರು. ಹಳೆಯ ದನಿ ಬಿಡಲು ಕಾಕಾಗೆ ಮನಸ್ಸಿರಲಿಲ್ಲ.

ನಾನು ಜಮಖಂಡಿಯ ಕಾಲೇಜೊಂದರಲ್ಲಿ ಎಲೆಕ್ಟ್ರಾನಿಕ್ಸ್ ಕಲಿಸುತ್ತೇನೆ. ಮೀಟರ್ ಹಚ್ಚಿ ನೋಡಿದೆ. ಒಂದು ಪಿಕಪ್ ಆರು ಕಿಲೋ ಓಮ್ ತೋರಿಸಿತು, ಇನ್ನೊಂದರಲ್ಲಿ ಕರೆಂಟೇ ಹರಿಯಲಿಲ್ಲ.

"ಒಳಗ ತಂತಿ ಹರದೈತಿ ಕಾಕಾ. ನಾ ಸುತ್ತತೇನಿ."

"ನಿನ್ನ ಕೈಲೆ ಆಗತೈತೇನಬೇ?"

"ಕಂಡಿಕಿ ಸುತ್ತಿ ಬೆಳದಾಕಿ ನಾ. ಆಗಲಾರದೇನ್ರಿ?"

ಮಗ್ಗದ ಕಂಡಿಕಿಗಳಿಗೆ ನೂಲು ಸುತ್ತುವ ಅವ್ವನ ರಾಟಿಗೇ ಸುರುಳಿಯ ಚೌಕಟ್ಟು ಕಟ್ಟಿದೆ. ಅವ್ವ ಮೆಲ್ಲಗೆ ತಿರುವಿದಳು, ಕೂದಲಿಗಿಂತ ತೆಳ್ಳನೆಯ ತಂತಿಯನ್ನು ನಾನು ಬೆರಳಲ್ಲಿ ಹಿಡಿದೆ. ಮೊದಲು ತುಂಡಾಯಿತು, ಆಮೇಲೆ ಕೈ ಕೂತಿತು. ಮುಗಿಸಿ ಅಳೆದರೆ ರೋಧವೂ, ಇಂಡಕ್ಟನ್ಸ್ ಎಂಬ ಸುರುಳಿಯ ಇನ್ನೊಂದು ಅಳತೆಯೂ ಕೆಡದ ಪಿಕಪ್ಪಿನ ಹತ್ತಿರಕ್ಕೇ ಬಂದಿದ್ದವು. ನನಗೆ ಹಿಗ್ಗೋ ಹಿಗ್ಗು.

ಕಾಕಾ ಬಾರಿಸಿ ನೋಡಿದರು. ಒಂದೊಂದೇ ಪಿಕಪ್ ಹಚ್ಚಿದರೆ ತುಂಬಿದ ದನಿ. ಎರಡೂ ಕೂಡಿಸಿದರೆ ತಗಡು ಬಡಿದಂತೆ ತೆಳ್ಳನೆಯ ದನಿ.

"ಎರಡೂ ಜಗಳಾಡಾಕತ್ತಾವು," ಅಂದರು.

ಖರೇ ಮಾತು. ಎಷ್ಟು ಸುತ್ತಿದೆ ಅಂತ ಅಳೆದಿದ್ದೆ, ಯಾವ ದಿಕ್ಕಿಗೆ ಅಂತ ನೋಡಿರಲಿಲ್ಲ. ದಿಕ್ಕು ಎದುರಾದರೆ ಒಂದರ ದನಿಯನ್ನು ಇನ್ನೊಂದು ತಿನ್ನುತ್ತದೆ. ಮುಳ್ಳಿನ ಹಳೆಯ ಮೀಟರ್ ತಂದು, ಎರಡೂ ಪಿಕಪ್‌ಗೆ ಒಂದೇ ಕ್ರಮದಲ್ಲಿ ಹಚ್ಚಿದೆ. ಸ್ಕ್ರೂಡ್ರೈವರನ್ನು ಹಳೆಯ ಪಿಕಪ್ಪಿಗೆ ತಾಗಿಸಿ ಚಕ್ಕನೆ ಎತ್ತಿದರೆ ಮುಳ್ಳು ಬಲಕ್ಕೆ ಜಿಗಿಯಿತು. ನಾನು ಸುತ್ತಿದ್ದರ ಮೇಲಿಂದ ಎತ್ತಿದೆ. ಎಡಕ್ಕೆ!

"ಉಲ್ಟಾ ಸುತ್ತೇವ್ರಿ ಕಾಕಾ."

"ಹಂಗಾದ್ರ ಎಲ್ಲಾ ಬಿಚ್ಚಬೇಕ?"

"ಏನೂ ಬ್ಯಾಡ. ಎರಡು ವಾಯರ್ ಅದಲಿ ಬದಲಿ ಮಾಡಿದ್ರ ಆತು."

ಬೆಸುಗೆ ಬಿಚ್ಚಿ, ನಾನು ಸುತ್ತಿದ ಸುರುಳಿಯ ಎರಡು ಕೊನೆಗಳನ್ನು ಅದಲುಬದಲು ಮಾಡಿ ಮತ್ತೆ ಕೂಡಿಸಿದೆ. ಎರಡೂ ಪಿಕಪ್ ಕೂಡುವಂತೆ ಕಾಕಾ ಸ್ವಿಚ್ಚನ್ನು ನಡುವಿಗೆ ಇಟ್ಟು ಒಂದು ಸಲ ಮೀಟಿದರು. ಆ ತುಂಬಿದ ದನಿಗೆ ಒಳಗಿದ್ದ ಅವ್ವ ಹಿಟ್ಟಿನ ಕೈಯಲ್ಲೇ ಹೊರಗೆ ಬಂದು ನಿಂತಳು.

ಆ ವಾರ ಮಹಾಲಿಂಗಪುರದ ಮದುವೆಗೆ ಅದೇ ಗಿಟಾರ್ ಹೋಯಿತು. ಊಟದ ಪಂಕ್ತಿಯಲ್ಲಿ ಕೂತ ನಾನು, ವೇದಿಕೆಯ ಮೇಲೆ ಕಣ್ಣು ಮುಚ್ಚಿ ಬಾರಿಸುತ್ತಿದ್ದ ಕಾಕಾನನ್ನು ನೋಡುತ್ತ ಬಡಿಸಿದ್ದನ್ನು ಬೇಡ ಅನ್ನುವುದನ್ನೇ ಮರೆತೆ.