ಸೇಸಪ್ಪ ಅಳೆದ ವೇಗ

ಸೇಸಪ್ಪನ ಕೆಲಸ ವೇಗ ಅಳೆಯುವುದು. ಗಾಡಿಯ ವೇಗವಲ್ಲ, ಗುಂಡಿನ ವೇಗ. ಅಬುಧಾಬಿಯಿಂದ ಪಶ್ಚಿಮಕ್ಕೆ ಹೋಗುವ ಹೆದ್ದಾರಿಯ ಬದಿಯಲ್ಲಿ ಮರಳಿನ ನಡುವೆ ಒಂದು ತೋಟೆ ಕಾರ್ಖಾನೆ. ಅದರ ಉಗ್ರಾಣದಲ್ಲಿ ನಾನಿದ್ದೆ, ಪರೀಕ್ಷೆಯ ಕೋಣೆಯಲ್ಲಿ ಅವನಿದ್ದ. ಅವನನ್ನು ಹತ್ತಿರದಿಂದ ಕಂಡವರಲ್ಲಿ ಕತೆ ಬರೆಯುವ ಹುಚ್ಚಿರುವವನು ನಾನೊಬ್ಬನೇ.

ವಿಟ್ಲದ ಕಡೆಯ ಆಳು. ತಂದೆ ತಾಳೆಮರ ಹತ್ತಿ ಶೇಂದಿ ಇಳಿಸುವವರು. ಏಳನೇ ತರಗತಿಗೆ ಶಾಲೆ ಸಾಕಾಯಿತು. ದುಬೈಗೆ ಬಂದು ಮುಹೈಸ್ನಾದ ಕಾರ್ಮಿಕರ ಕ್ಯಾಂಪಿನಲ್ಲಿದ್ದುಕೊಂಡು ಪೈಪು ಕೂಡಿಸಿದ. ಆಮೇಲೆ ಈ ಕಾರ್ಖಾನೆಗೆ ನೆಲ ಒರೆಸಲು ಸೇರಿದ. ನೆಲದ ಮೇಲೆ ಕೈಯಿದ್ದರೂ ಕಣ್ಣು ಮಾತ್ರ ಯಂತ್ರದ ಮೇಲೆ. ಏಳು ವರ್ಷ ಹೀಗೆ ನೋಡಿ ನೋಡಿ ಕಲಿತ. ಎಂಟನೆಯ ವರ್ಷ ಆ ಯಂತ್ರವೇ ಅವನ ಕೈಗೆ ಬಂತು.

ಅಲ್ಲಿನ ಕೆಲಸ ನೋಡಲು ಸರಳ. ಕಬ್ಬಿಣದ ಮೇಜಿಗೆ ಬಿಗಿದ ಒಂದು ನಳಿಕೆ, ಅದರ ಮುಂದೆ ಎರಡು ಬೆಳಕಿನ ಪರದೆ. ಗುಂಡು ಒಂದನ್ನು ದಾಟಿ ಇನ್ನೊಂದನ್ನು ದಾಟುವಷ್ಟರಲ್ಲಿ ಯಂತ್ರ ಅದರ ವೇಗ ಬರೆದು ತೋರಿಸುತ್ತದೆ. ಕಾವಲು ಕಂಪನಿಗಳ ರಿವಾಲ್ವರಿಗೆ ನಾವು ಮಾಡುತ್ತಿದ್ದ ತೋಟೆಯ ಗುಂಡಿಗೆ ಮೂತಿಯಲ್ಲಿ ಕುಳಿ ಇರುತ್ತದೆ. ತಾಗಿದ ಕೂಡಲೇ ಅದು ಅರಳಬೇಕು, ಅರಳಿ ಅಲ್ಲೇ ನಿಲ್ಲಬೇಕು. ವೇಗ ಸೆಕೆಂಡಿಗೆ ಇನ್ನೂರೈವತ್ತು ಮೀಟರಿಗಿಂತ ಕೆಳಗೆ ಬಿದ್ದರೆ ಅರಳುವುದಿಲ್ಲ, ತೂರಿಕೊಂಡು ಹೋಗಿ ಹಿಂದೆ ನಿಂತವರಿಗೆ ತಾಗುತ್ತದೆ. ಆದ್ದರಿಂದ ಸರಾಸರಿ ವೇಗ ಸರಿಯಿದ್ದರೆ ಸಾಲದು, ಒಂದಕ್ಕೂ ಇನ್ನೊಂದಕ್ಕೂ ಹೆಚ್ಚು ಅಂತರ ಇರಬಾರದು. ಅರ್ಧ ಹಂಡೆ ಬೆಂದು ಮುದ್ದೆಯಾಗಿ ಇನ್ನರ್ಧ ಅಕ್ಕಿಯಾಗಿಯೇ ಉಳಿದರೆ ಸರಾಸರಿಯಲ್ಲಿ ಅನ್ನವಾಗಿದೆ ಎಂದು ಬರೆಯಬಹುದು, ಉಣ್ಣಲಿಕ್ಕಾಗುವುದಿಲ್ಲ.

ಸೇಸಪ್ಪನ ಹಾಳೆಯಲ್ಲಿ ಅಂತರ ಇರುತ್ತಿರಲಿಲ್ಲ. ಇನ್ನೂರ ಅರವತ್ತಾರು, ಅರವತ್ತೈದು, ಅರವತ್ತೇಳು, ಹೀಗೆ ಜೋಡಿಸಿಟ್ಟ ಹಾಗೆ ಸಾಲು. ಕಾರ್ಖಾನೆಗೆ ಬಂದ ದೊಡ್ಡವರಿಗೆ ಮ್ಯಾನೇಜರ್ ಮೊದಲು ತೋರಿಸುತ್ತಿದ್ದುದೇ ಆ ಹಾಳೆಗಳನ್ನು. ಹಾಳೆಯ ಬುಡದಲ್ಲಿ ಸೇಸಪ್ಪನ ಕನ್ನಡದ ಸಹಿ. ಅದನ್ನು ಇಂಗ್ಲಿಷಿನಲ್ಲಿ ಹಾಕು ಎಂದು ಯಾರೂ ಅವನಿಗೆ ಹೇಳಿದ್ದಿಲ್ಲ.

ಹೋದ ವರ್ಷದ ಬೇಸಗೆಯಲ್ಲಿ ದೂರು ಬಂತು. ತೋಟೆ ಕೊಳ್ಳುವ ಕಾವಲು ಕಂಪನಿಯ ಪರೀಕ್ಷಕ ರೇಮಂಡ್, ಮಂಗಳೂರು ಬೆಂದೂರಿನವನು, ನಾಲ್ಕು ಪೆಟ್ಟಿಗೆ ಹೊತ್ತುಕೊಂಡು ಬಂದ. ದುಬೈಯ ತಮ್ಮ ಯಂತ್ರದಲ್ಲಿ ಒಂದು ಗುಂಡು ಇನ್ನೂರ ಅರವತ್ತೆಂಟು ತೋರಿಸಿದರೆ ಮತ್ತೊಂದು ಇನ್ನೂರ ಮೂವತ್ತು ತೋರಿಸುತ್ತದೆ ಎಂದ. ನಿಮ್ಮ ಯಂತ್ರ ಕೆಟ್ಟಿದೆ ಎಂದರು ಮ್ಯಾನೇಜರ್. ಹಾಗಾದರೆ ನಿಮ್ಮದರಲ್ಲೇ ಹೊಡೆಯೋಣ ಎಂದ ರೇಮಂಡ್.

ಹೊಡೆದರು. ರೇಮಂಡ್ ಹೊಡೆದರೆ ಅಂಕಿಗಳು ಬೇಲಿ ಮುರಿದ ದನಗಳ ಹಾಗೆ ಚದರಿದವು. ಅದೇ ಪೆಟ್ಟಿಗೆಯಿಂದ ಸೇಸಪ್ಪ ಹೊಡೆದರೆ ಮತ್ತೆ ಅರವತ್ತೈದು, ಅರವತ್ತಾರು. ಮೂರು ಸಲ ಹೀಗೇ ಆಯಿತು.

“ಏನು ಸೇಸಪ್ಪಣ್ಣ, ಮಂತ್ರ ಗಿಂತ್ರ ಹಾಕ್ತೀರಾ ಹೇಗೆ?” ಎಂದ ರೇಮಂಡ್. “ನಮಗೂ ಸ್ವಲ್ಪ ಹೇಳಿಕೊಡಿ ಮಾರಾಯ್ರೇ.”

ಎಲ್ಲರೂ ನಕ್ಕರು. ಮ್ಯಾನೇಜರ್ ಮಾತ್ರ ಆಗಲೇ ಕಾಗದ ತಯಾರಿಸಿದ್ದರು. ತೋಟೆಯಲ್ಲಿ ದೋಷವಿಲ್ಲ, ದೋಷ ಪರೀಕ್ಷಕನ ಕೈಯಲ್ಲಿದೆ ಎಂದು ಹನ್ನೆರಡು ವರ್ಷದ ಅನುಭವಿ ಸೇಸಪ್ಪ ಸಹಿ ಹಾಕಿದರೆ ಮುಗಿಯಿತು, ಆ ತೋಟೆ ಕಾವಲಿನವರ ಸೊಂಟಕ್ಕೆ ಹೋಗುತ್ತಿತ್ತು. ಸೇಸಪ್ಪ ಕಾಗದ ಮಡಚಿ ಜೇಬಿಗಿಟ್ಟುಕೊಂಡು ನಾಳೆ ಕೊಡುತ್ತೇನೆ ಎಂದ.

ಪರೀಕ್ಷಾ ವಿಭಾಗದ ಎಂಜಿನಿಯರ್ ಪೃಥ್ವಿರಾಜ್, ಕಾರ್ಕಳದ ಹುಡುಗ, ಮ್ಯಾನೇಜರಿಗೆ ಸಾಕ್ಷಿ ಬೇಕೆಂದು ಇಬ್ಬರೂ ಹೊಡೆಯುವುದನ್ನು ಮೊಬೈಲಿನಲ್ಲಿ ಹಿಡಿದಿದ್ದ. ಮರುದಿನ ಬೆಳಿಗ್ಗೆ ಸೇಸಪ್ಪ ಅದನ್ನು ಕೇಳಿ ಪಡೆದು ನೋಡಿದ. ರೇಮಂಡಿನ ಕೈ ತಟ್ಟೆಯಲ್ಲಿ ಅಡ್ಡ ಮಲಗಿದ್ದ ತೋಟೆಯನ್ನು ಎತ್ತಿ ನೇರ ನಳಿಕೆಗೆ ಇಡುತ್ತದೆ. ಕಾರ್ಖಾನೆಯ ನಿಯಮದಲ್ಲಿ ಇದ್ದುದೂ ಹಾಗೆಯೇ. ಸೇಸಪ್ಪನ ಕೈ ಹಾಗಲ್ಲ. ತೋಟೆ ಎತ್ತಿ, ಮೂತಿ ಮೇಲೆ ಮಾಡಿ, ಎರಡೂ ಕಣ್ಣಿಗೆ ಒತ್ತಿಕೊಂಡು, ಆಮೇಲೆ ನಿಧಾನವಾಗಿ ನಳಿಕೆಗೆ ಇಡುತ್ತದೆ. ಪ್ರತಿ ಸಲವೂ ಅಷ್ಟೇ.

ತಾನು ಹಾಗೆ ಮಾಡುತ್ತೇನೆಂದು ಅವನಿಗೇ ತಿಳಿದಿರಲಿಲ್ಲ. ಮರ ಹತ್ತುವ ಮೊದಲು ತಂದೆ ಕತ್ತಿಯನ್ನು ಕಣ್ಣಿಗೊತ್ತಿಕೊಳ್ಳುತ್ತಿದ್ದರು. ಪೈಪಿನ ಸ್ಪಾನರನ್ನೂ ಮಗ ಹಾಗೇ ಒತ್ತಿಕೊಂಡ, ನೆಲ ಒರೆಸುವ ಕೋಲನ್ನೂ. ಕೈಗೆ ಅನ್ನ ಕೊಡುವುದನ್ನು ಕಣ್ಣಿಗೆ ಒತ್ತದೆ ಮುಟ್ಟುವವರು ಆ ಮನೆಯಲ್ಲಿ ಇರಲಿಲ್ಲ.

ಪೃಥ್ವಿರಾಜನಿಗೆ ಅದರಲ್ಲಿ ಏನೂ ಕಾಣಲಿಲ್ಲ. ಸೇಸಪ್ಪನಿಗೆ ಕಂಡಿತು. ಎರಡು ವರ್ಷದ ಹಿಂದೆ ತೋಟೆಗೆ ತುಂಬುವ ಹೊಸ ಸಿಡಿಮದ್ದು ಬಂದಿತ್ತು. ಹಳೆಯ ಮದ್ದು ತೋಟೆಯ ಹೊಟ್ಟೆ ತುಂಬುವಷ್ಟು ಬೇಕಿತ್ತು, ಇದು ಚಿಟಿಕೆಯಷ್ಟಾದರೆ ಸಾಕು, ಉಳಿದದ್ದು ಖಾಲಿ ಜಾಗ. ಮೂತಿ ಮೇಲೆ ಮಾಡಿದರೆ ಮದ್ದೆಲ್ಲ ಹಿಂದಕ್ಕೆ ಜಾರಿ ಕಿಡಿ ಹುಟ್ಟುವ ಬುಡದಲ್ಲಿ ಕೂರುತ್ತದೆ, ಚೆನ್ನಾಗಿ ಉರಿಯುತ್ತದೆ. ಮೂತಿ ಕೆಳಗಾದರೆ ಮುಂದಕ್ಕೆ ಸರಿದು ಗುಂಡಿನ ಬೆನ್ನಿಗೆ ಅಂಟುತ್ತದೆ, ಅರೆಬರೆ ಉರಿದು ಗುಂಡು ನಿಧಾನವಾಗುತ್ತದೆ.

ಅವನು ಎದ್ದು ಕೈ ಒರೆಸಿಕೊಂಡ. ಹತ್ತು ತೋಟೆಗಳ ಮೂತಿ ಕೆಳಗೆ ಮಾಡಿ, ಅಲುಗದ ಹಾಗೆ ಮಲಗಿಸಿ, ಹೊಡೆದ. ಇನ್ನೂರ ಮೂವತ್ತೊಂದು. ಇನ್ನೂರ ಇಪ್ಪತ್ತೆಂಟು. ಹತ್ತರಲ್ಲಿ ಒಂದೂ ಇನ್ನೂರೈವತ್ತು ಮುಟ್ಟಲಿಲ್ಲ.

ಪೃಥ್ವಿರಾಜ್ ಬಾಗಿಲು ಮುಚ್ಚಿ ಬಂದ. “ಸೇಸಪ್ಪಣ್ಣ, ಇದು ನಾವಿಬ್ರೇ ನೋಡಿದ್ದು. ಎರಡು ವರ್ಷದಲ್ಲಿ ಏಳು ಲಾಟ್ ತೋಟೆ ಹೋಗಿದೆ, ಎಲ್ಲದ್ರಲ್ಲೂ ನಿಮ್ಮ ಸಿಗ್ನೇಚರ್. ವೀಸಾ ರಿನ್ಯೂವಲ್ ಬೇರೆ ಮುಂದಿನ ತಿಂಗ್ಳು. ವೀಡಿಯೋ ಡಿಲೀಟ್ ಮಾಡ್ಲಾ?”

ಸೇಸಪ್ಪ ಯಂತ್ರದ ಕೊನೆಯ ಅಂಕಿಯ ಮೇಲೆ ಬೆರಳಿಟ್ಟ.

“ಕಾವಲಿನವನ ರಿವಾಲ್ವರ್ ಸೊಂಟದಲ್ಲಿ ಹೇಗೆ ನೇತಾಡ್ತದೆ?” ಎಂದು ಕೇಳಿದ.

“ಮೂತಿ ಕೆಳಗೆ.”

“ಅಲ್ವಾ? ಅವ ಎಳೆದು ಹೊಡೆಯುವ ಮೊದಲನೇ ಗುಂಡು ಈ ಇನ್ನೂರ ಇಪ್ಪತ್ತೆಂಟರದ್ದು. ಅವನಿಗೆ ಕಣ್ಣಿಗೊತ್ತಿ ಹೊಡೀಲಿಕ್ಕೆ ಪುರುಸೊತ್ತು ಉಂಟಾ ಮಗಾ?”

ಪೃಥ್ವಿರಾಜ್ ವೀಡಿಯೋ ಅಳಿಸಲಿಲ್ಲ.

ಮ್ಯಾನೇಜರ್ ಕೊಟ್ಟ ಕಾಗದವನ್ನು ಸೇಸಪ್ಪ ಸಹಿಯಿಲ್ಲದೆ ಮೇಜಿನ ಮೇಲಿಟ್ಟು ನಡೆದದ್ದನ್ನೆಲ್ಲ ಹೇಳಿದ. ತೋಟೆ ಕೆಟ್ಟದ್ದು, ತನ್ನ ಹಾಳೆ ಅದಕ್ಕಿಂತ ಕೆಟ್ಟದ್ದು ಎಂದ. ಮ್ಯಾನೇಜರ್ ಮುಖ ಕೆಂಪಾಗಿ, ಇಷ್ಟು ವರ್ಷ ಅನ್ನ ಕೊಟ್ಟ ಕಂಪನಿಗೆ ಈ ಪ್ರಸಾದವೇ ಎಂದು ಕೇಳಿದರು. ಉತ್ತರ ಕೇಳಲು ಮರಳಿ ಬಂದಿದ್ದ ರೇಮಂಡ್ ಈ ಸಲ ತಮಾಷೆ ಮಾಡಲಿಲ್ಲ.

ಏಳು ಲಾಟುಗಳ ಮಾದರಿ ತೋಟೆಗಳು ನನ್ನ ಉಗ್ರಾಣದಲ್ಲಿದ್ದವು. ಎಲ್ಲವನ್ನೂ ಮೂತಿ ಕೆಳಗೆ ಮಾಡಿ ಮತ್ತೆ ಹೊಡೆದರು. ಏಳರಲ್ಲಿ ಐದು ಲಾಟು ನಪಾಸಾದವು. ಸೇಸಪ್ಪನಿಂದ ಸಹಿಯ ಅಧಿಕಾರ ಕಿತ್ತುಕೊಂಡರು, ವೀಸಾ ಮುಂದುವರಿಸುವುದಿಲ್ಲ ಎಂದರು. ಉಳಿದ ದಿನಗಳಿಗೆ ಏನು ಕೆಲಸ ಬೇಕು ಎಂದು ಕೇಳಿದಾಗ ಅವನು ಬೇಡಿದ್ದು ಒಂದೇ: ಹೋದ ತೋಟೆ ವಾಪಸು ತರುವ ವ್ಯಾನಿನಲ್ಲಿ ಕೂರಿಸಿ ಎಂದು.

ವ್ಯಾನು ಓಡಿಸುತ್ತಿದ್ದವನು ಉಳ್ಳಾಲದ ರಶೀದ. ಅವನು ಹೇಳಿದ್ದು ಇದು. ಖಾಲಿದಿಯಾದ ಆಭರಣದ ಗೋದಾಮಿನಿಂದ ಹಿಡಿದು ಒಂದೊಂದೇ ಕಾವಲು ಠಾಣೆ ಹತ್ತಿ ಇಳಿದರು. ಅಲ್ಲಲ್ಲಿ ಪರವಾನಗಿ ತೋರಿಸಿ, ಮೂತಿ ಕೆಳಗೆ ಮಾಡಿ ಹೊಡೆದು ನೋಡಿದ ಹೊಸ ಪೆಟ್ಟಿಗೆ ಕೊಟ್ಟು ಹಳೆಯದು ತೆಗೆದುಕೊಳ್ಳಬೇಕು. ಬಿಸಿಲಿಗೆ ರಶೀದ ಸೋತು, ನಾಳೆ ಮಾಡೋಣ ಕಾಕಾ, ಖಲಾಸ್ ಎಂದರೂ ಸೇಸಪ್ಪ ಇನ್ನೊಂದು ಠಾಣೆ ಎನ್ನುತ್ತಿದ್ದ.

ಕೊನೆಗೆ ಮದೀನತ್ ಜಾಯೆದಿನ ಒಂದು ಗೇಟು ಉಳಿಯಿತು. ಅಲ್ಲಿದ್ದವನು ನೇಪಾಳದ ಕಾವಲುಗಾರ, ಐವತ್ತರ ಆಸುಪಾಸು. ರಿವಾಲ್ವರಿನ ಚಕ್ರ ತೆರೆದು ಆರು ತೋಟೆಗಳನ್ನು ಸೇಸಪ್ಪನ ಅಂಗೈಗೆ ಒಂದೊಂದಾಗಿ ಹಾಕಿದ. ಎರಡು ವರ್ಷದಿಂದ ಇವೇ ಇದ್ದದ್ದು, ಒಮ್ಮೆಯೂ ಹೊಡೆಯುವ ಸಂದರ್ಭ ಬರಲಿಲ್ಲ, ಇವಕ್ಕೇನಾಗಿದೆ ಎಂದು ಹಿಂದಿಯಲ್ಲಿ ಕೇಳಿದ.

ನಿಧಾನ ಹೋಗುತ್ತವೆ ಎಂದ ಸೇಸಪ್ಪ. ತೇರ್ಗಡೆ ಮಾಡಿದ್ದು ನಾನು ಎಂದೂ ಹೇಳಿದ.

ಕಾವಲುಗಾರ ಅವನನ್ನೇ ನೋಡಿದ. ಹೊಸ ಆರು ತೋಟೆ ತುಂಬಿಕೊಂಡು, ಪಟ್ಟಿಯಲ್ಲಿ ಹೆಬ್ಬೆಟ್ಟಿನಷ್ಟು ದೊಡ್ಡ ಅಕ್ಷರದಲ್ಲಿ ತನ್ನ ಹೆಸರು ಬರೆದು, ನಿಂತಿದ್ದ ಸೇಸಪ್ಪನಿಗೆ ಕುಳಿತುಕೊಳ್ಳಲು ತನ್ನ ಕುರ್ಚಿ ಎಳೆದು ಕೊಟ್ಟ.