ಕಾಕಾ ತರಿಸಿದ ಮಾತಾಡುವ ಕಳ್ಳಿ

ಮೊನ್ನೆ ರೋಣದಲ್ಲಿ ನಮ್ಮ ನೆರೆಮನೆಯ ಮಗುವಿನ ಹುಟ್ಟುಹಬ್ಬ. ಯಾರೋ ಬ್ಯಾಟರಿಯ ಆಟಿಕೆ ತಂದಿದ್ದರು. ನಾನು ಪಕ್ಕದಲ್ಲೇ ಕೂತು ಅವಲಕ್ಕಿ ತಿನ್ನುತ್ತಿದ್ದೆ. ಡಬ್ಬಿ ಬಿಚ್ಚಿದ ಕೂಡಲೇ ಹೊಸ ಪ್ಲಾಸ್ಟಿಕ್ಕು, ಥರ್ಮಾಕೋಲುಗಳ ವಾಸನೆ ಮೂಗಿಗೆ ಬಡಿಯಿತು. ಕೆಲವರಿಗೆ ಮಲ್ಲಿಗೆಯ ವಾಸನೆಗೆ, ಇನ್ನು ಕೆಲವರಿಗೆ ಮೊದಲ ಮಳೆಯ ಮಣ್ಣಿನ ವಾಸನೆಗೆ ಹಳೆಯದೆಲ್ಲ ನೆನಪಾಗುತ್ತದಂತೆ. ನನ್ನ ಹಣೆಬರಹ ನೋಡಿ, ನನಗೆ ಥರ್ಮಾಕೋಲಿನ ವಾಸನೆ ಬಂದರೆ ಗಜೇಂದ್ರಗಡದ ಮಲ್ಲಪ್ಪ ಕಾಕಾ ನೆನಪಾಗುತ್ತಾನೆ.

ಮಲ್ಲಪ್ಪ ಕಾಕಾ ನಮ್ಮಪ್ಪನ ತಮ್ಮ. ದನದ ಸಂತೆಯಲ್ಲಿ ದಲ್ಲಾಳಿ. ಎತ್ತಿನ ಹಲ್ಲು ನೋಡಿ ವಯಸ್ಸು ಹೇಳುವ ಈ ಮನುಷ್ಯನಿಗೆ ಮೊಬೈಲಿನಲ್ಲಿ ಸಾಮಾನು ತರಿಸುವುದು ಯಾವಾಗ ಗೊತ್ತಾಯಿತೋ, ಅಂದಿನಿಂದ ಜಗತ್ತಿನಲ್ಲಿ ಯಾರಿಗೂ ಬೇಡವಾದ ಯಂತ್ರ ಎಲ್ಲಿ ಹುಟ್ಟಿದರೂ ಕೊನೆಗೆ ಅವನ ಪಡಸಾಲೆಗೆ ಬಂದು ಸೇರತೊಡಗಿತು. ಗಾಳಿಯಲ್ಲಿ ತೇಲುತ್ತ ತಿರುಗುವ ಭೂಗೋಳ ಬಂತು. ಕರೆಂಟು ಹೋದಾಗ ಬಚ್ಚಲಿಗೆ ಹೋಗಲೆಂದು ಮುಂಗಾಲಿಗೆ ದೀಪವಿದ್ದ ಚಪ್ಪಲಿ ಬಂದವು. ನೀರು ಹಾಕಿದರೆ ನಗುವ, ಒಣಗಿದರೆ ಅಳುವ ಮುಖವಿದ್ದ ಹೂಕುಂಡ ಬಂತು. ಅದು ಅಳಬಾರದೆಂದು ಕಾಕಾ ಹೊತ್ತುಹೊತ್ತಿಗೆ ನೀರು ಸುರಿದ. ಗಿಡ ಕೊಳೆತು ಸತ್ತಿತು, ಕುಂಡ ನಗುತ್ತಲೇ ಇತ್ತು.

ತಾನೇ ಓಡಾಡಿ ಕಸ ಗುಡಿಸುವ ದುಂಡನೆಯ ಯಂತ್ರದ ಕಥೆ ಬೇರೆಯೇ. ಅದು ಮೊದಲ ದಿನವೇ ಹೊಸ್ತಿಲ ಮುಂದೆ ಕಾಕಾನ ಹೆಂಡತಿ ಕಾಶವ್ವ ಕಾಕು ಹಾಕಿದ್ದ ರಂಗೋಲಿಯನ್ನು ಕಸವೆಂದು ತಿಳಿದು ನುಂಗಿತು. ಕಾಕು ಕೋಳಿ ಮುಚ್ಚುವ ಬುಟ್ಟಿ ತಂದು ಅದರ ಮೇಲೆ ಕವುಚಿ, ಒಂದು ಕಲ್ಲು ಹೇರಿ ಒಳಗೆ ಹೋದಳು. ಬುಟ್ಟಿಯೊಳಗೆ ಅದು ಸಂಜೆಯವರೆಗೆ ಗುಂಯ್‌ಗುಟ್ಟುತ್ತಿತ್ತು.

ಇದರಲ್ಲಿ ನನ್ನ ಪಾತ್ರವೇನು ಎಂದು ನೀವು ಕೇಳಬಹುದು. ನಾನು ಮನೆತನದ ತಂತ್ರಜ್ಞ. ಬಿ.ಎ. ಓದಿದ್ದು, ಅದೂ ಇತಿಹಾಸದಲ್ಲಿ. ಆದರೆ ಡಬ್ಬಿಯೊಳಗಿನ ಇಂಗ್ಲಿಷ್ ಚೀಟಿ ಓದಬಲ್ಲೆ ಎಂಬ ಒಂದೇ ಕಾರಣಕ್ಕೆ ಹೊಸ ಸಾಮಾನು ಬಂದಾಗಲೆಲ್ಲ ಗಜೇಂದ್ರಗಡದಿಂದ ನನಗೆ ಕರೆ ಬರುತ್ತಿತ್ತು. ಆ ಚೀಟಿ ಅರ್ಥವಾಗದೆ ಸಿಕ್ಕ ಗುಂಡಿಯನ್ನೆಲ್ಲ ಒತ್ತುತ್ತಿದ್ದೆ. ಯಾವುದೋ ಒಂದಕ್ಕೆ ದೀಪ ಹತ್ತಿದರೆ ಕಾಕಾ ಓಣಿಯವರನ್ನು ಕರೆದು, ‘ನಮ್ಮ ಹುಡುಗ ಭಾಳ ಶಾಣ್ಯಾ’ ಎನ್ನುತ್ತಿದ್ದ. ಸುಳ್ಳೇಕೆ, ನನಗೂ ಹಿತವಾಗುತ್ತಿತ್ತು.

ಇಷ್ಟೆಲ್ಲ ತರಿಸಿದ ಕಾಕಾ ಬೇಕಾದ ಒಂದೇ ಒಂದು ಯಂತ್ರವನ್ನು ತರಿಸಲಿಲ್ಲ. ಅವನಿಗೆ ಕಿವಿ ಕೇಳುತ್ತಿರಲಿಲ್ಲ. ಈ ಸಂಗತಿ ಇಡೀ ಗಜೇಂದ್ರಗಡಕ್ಕೆ ಗೊತ್ತಿತ್ತು, ಅವನೊಬ್ಬನಿಗೆ ಗೊತ್ತಿರಲಿಲ್ಲ. ಅವನ ಪ್ರಕಾರ ಕಿವಿ ನೆಟ್ಟಗಿದ್ದವು, ಲೋಕದ ಸಪ್ಪಳವೇ ಕಳಪೆಯಾಗಿತ್ತು. ಟೀವಿಯ ಸ್ಪೀಕರು ಹಾಳು, ಮೊಬೈಲು ನಕಲಿ ಮಾಲು, ಈಗಿನ ಮಂದಿಗೆ ಬಾಯಿ ಬಿಟ್ಟು ಮಾತಾಡುವ ರೂಢಿಯೇ ಇಲ್ಲ. ಹೀಗಾಗಿ ಮನೆಯ ಪ್ರತಿ ಯಂತ್ರದ ದನಿಯೂ ತುದಿಮುಟ್ಟ ಏರಿರುತ್ತಿತ್ತು. ಕಾಕು ಒಮ್ಮೆ ಕಿವಿಯ ಮಷೀನಿನ ಮಾತು ತೆಗೆದಳು. ‘ಅದು ಮುದುಕರು ಹಾಕ್ಕೊಳ್ಳೂದು. ದಲ್ಲಾಳಿ ಕಿವ್ಯಾಗ ಮಷೀನ ಕಂಡ್ರ ನಾಳೆ ಯಾವ ರೈತ ಹತ್ರ ಬರ್ತಾನ?’ ಎಂದು ಕಾಕಾ ಆ ಮಾತನ್ನು ಅಲ್ಲಿಗೇ ಹೂತ.

ಆದರೆ ಅವನ ದಂಧೆಗೆ ಕಿವಿಯೇ ಬೇಕಿರಲಿಲ್ಲ. ನೀವು ನಮ್ಮ ಕಡೆಯ ದನದ ಸಂತೆ ನೋಡಿದ್ದರೆ ಗೊತ್ತಿರುತ್ತದೆ. ಅಲ್ಲಿ ದರವನ್ನು ಬಾಯಿಂದ ಆಡುವುದಿಲ್ಲ. ಇಬ್ಬರು ಕೈಗೆ ಕೈ ಕೊಟ್ಟು ಮೇಲೊಂದು ಟವೆಲ್ಲು ಹಾಕಿಕೊಳ್ಳುತ್ತಾರೆ. ಒಳಗೆ ಬೆರಳು ಹಿಡಿದು, ಒತ್ತಿ, ಬಿಟ್ಟು ವ್ಯಾಪಾರ ಮಾಡುತ್ತಾರೆ. ಸುತ್ತ ನಿಂತವರಿಗೆ ಕಾಣುವುದು ಎರಡು ಗಂಭೀರ ಮುಖಗಳು ಮಾತ್ರ. ಕಾಕಾನ ಬೆರಳಿಗೆ ಸರಿಸಮ ಯಾರೂ ಇರಲಿಲ್ಲ. ಮಾರುವವನ ಗೋಳು, ಕೊಳ್ಳುವವನ ಬಣ್ಣದ ಮಾತು ಯಾವುದೂ ಕಿವಿಗೆ ಬೀಳದ್ದರಿಂದ ಅವನು ಎಂದೂ ಮೋಸ ಹೋಗಲಿಲ್ಲ. ಸಂತೆಯಲ್ಲಿ ಹೀಗೆ ಗೆದ್ದು ಬರುವವನಿಗೆ ಮನೆಯಲ್ಲಿ ಸೋಲುತ್ತಿದ್ದೇನೆಂದು ಹೇಗೆ ತಿಳಿಯಬೇಕು?

ಸೋಲೆಂದರೆ ಕಾಕುವಿನದು. ಆಕೆಯ ತವರು ಯಾವಗಲ್. ಮದುವೆಯಾಗಿ ಬಂದಾಗ ಮಾತಿನ ಮಲ್ಲಿ ಎಂದು ಹೆಸರಾಗಿದ್ದಳು. ತವರಿನಿಂದ ಬಂದ ಬಸ್ಸಿನ ಸುದ್ದಿ ಹೇಳತೊಡಗಿದರೆ ಬಸ್ಸು ಬರಲು ತೆಗೆದುಕೊಂಡದ್ದಕ್ಕಿಂತ ಹೆಚ್ಚು ಹೊತ್ತು ಹಿಡಿಯುತ್ತಿತ್ತು. ಕಾಕಾ ಎಲೆ ಅಡಿಕೆ ಹಾಕಿಕೊಳ್ಳುತ್ತ ಎಲ್ಲ ಕೇಳಿ, ನಡುನಡುವೆ ‘ಆಮ್ಯಾಲೆ?’ ಅನ್ನುತ್ತಿದ್ದುದು ನನಗೆ ಚೆನ್ನಾಗಿ ನೆನಪಿದೆ. ಅವನ ಕಿವಿ ಮಂದವಾದ ಹಾಗೆ ಆಕೆಯ ಮಾತು ಕರಗುತ್ತ ಬಂತು. ಕಡೆಗೆ ಉಳಿದದ್ದು ಒದರಿ ಹೇಳಬಹುದಾದ ಮಾತುಗಳಷ್ಟೇ: ಊಟ, ಚಹಾ, ಫೋನ್ ಬಂತು. ಕಾಲು ನೋಯುತ್ತದೆ ಎಂಬುದನ್ನು ಓಣಿಗೆಲ್ಲ ಕೇಳುವಂತೆ ಹೇಳಬಹುದು, ಮನಸ್ಸು ನೋಯುತ್ತದೆ ಎಂಬುದನ್ನು ಹಾಗೆ ಹೇಳಲಾಗುವುದಿಲ್ಲ. ಆಕೆ ಸುಮ್ಮನೆ ಜೋಳ ಹಸನು ಮಾಡುತ್ತ ಕೂತಿರುವುದನ್ನು ಕಂಡರೆ ನನಗೆ ಕಾಕಾನ ಮೇಲೆ ಸಿಟ್ಟು ಬರುತ್ತಿತ್ತು.

ಇಂಥ ಹೊತ್ತಿನಲ್ಲಿ ಬಂದದ್ದು ಕಳ್ಳಿ. ನೀವೂ ನೋಡಿರುತ್ತೀರಿ: ಕುಂಡದಲ್ಲಿ ನಿಂತ ಅರಿವೆಯ ಹಸಿರು ಪಾಪಾಸುಕಳ್ಳಿ, ಅದಕ್ಕೆ ಕಣ್ಣು, ಬಾಯಿ, ತಲೆಗೊಂದು ಟೊಪ್ಪಿಗೆ. ಎದುರಿಗೆ ಏನಾದರೂ ಅಂದರೆ ಅದನ್ನೇ ಚಿಕ್ಕ ದನಿಯಲ್ಲಿ ಹೊಳ್ಳಿ ಅಂದು, ಸೊಂಟ ಬಳುಕಿಸಿ ಕುಣಿಯುತ್ತದೆ. ಕಾಕು ಅದನ್ನು ನೋಡಿ ನನ್ನ ಕಡೆ ತಿರುಗಿದಳು. ‘ಬದುವಿನ್ಯಾಗಿನ ಕಳ್ಳಿ ಕಡ್ಯಾಕ ಆಳ ಸಿಗವಲ್ರು. ಇವ್ರು ರೊಕ್ಕಾ ಕೊಟ್ಟ ಕಳ್ಳಿ ತರಿಸ್ಯಾರ ನೋಡಪಾ.’

ಕಾಕಾನಿಗೆ ಅದರ ಮಾತು ಕೇಳುತ್ತಿರಲಿಲ್ಲ, ಕುಣಿತ ಕಾಣುತ್ತಿತ್ತು. ಅಷ್ಟು ಸಾಕಾಗಿತ್ತು. ನರಗುಂದದಿಂದ ಬಂದ ಬೀಗರೊಬ್ಬರ ಮುಂದೆ ಅದನ್ನು ಇಟ್ಟು ಏನಾದರೂ ಹೇಳಿರೆಂದ. ಬೀಗರು ನನ್ನ ಕಡೆ ಬಾಗಿ, ‘ಇವರ ಕಿವಿ ಪೂರಾ ಹೋಗ್ಯಾವಲ್ಲೋ’ ಎಂದು ಮೆಲ್ಲಗೆ ಅಂದರು. ಕಳ್ಳಿ ತಲೆದೂಗಿ, ಬಳುಕಿ, ‘ಪೂರಾ ಹೋಗ್ಯಾವಲ್ಲೋ’ ಎಂದು ಸಾರಿತು. ಕಾಕಾ ಹೆಮ್ಮೆಯಿಂದ ಸುತ್ತ ನೋಡಿ, ಒಂದಕ್ಷರ ತಪ್ಪುವುದಿಲ್ಲ ಎಂದು ಪ್ರಮಾಣಪತ್ರ ಕೊಟ್ಟ. ಬೀಗರು ಚಹಾ ಬಿಟ್ಟು ಎದ್ದರು.

ಅದಾದ ಮೇಲೆ ಮನೆ ಕಾಯಲೆಂದು ಪಡಸಾಲೆಯ ಗೋಡೆಗೆ ಒಂದು ಕ್ಯಾಮೆರಾ ಏರಿತು. ಕಾಯುವಂಥದ್ದು ಆ ಮನೆಯಲ್ಲಿ ಏನಿತ್ತೆಂದು ಕೇಳಬೇಡಿ, ಬುಟ್ಟಿಯ ಕೆಳಗಿನ ಯಂತ್ರವೊಂದು ಇತ್ತು. ಸಂತೆಯಲ್ಲಿ ಕೂತೇ ಮನೆ ಕಾಣುತ್ತದೆ ಎಂದು ಕಾಕಾ ಎಲ್ಲರಿಗೂ ತೋರಿಸುತ್ತಿದ್ದ. ಒಂದು ಸಂತೆಯ ದಿನ ನಾನೂ ಅಲ್ಲಿದ್ದೆ. ಬೇವಿನ ಗಿಡದ ಕೆಳಗೆ ನಾಲ್ಕಾರು ದಲ್ಲಾಳಿಗಳು, ನಡುವೆ ಕಾಕಾ, ಅವನ ಕೈಯಲ್ಲಿ ಮೊಬೈಲು. ದನಿ ಯಾವತ್ತಿನಂತೆ ತುದಿಮುಟ್ಟ.

ಪರದೆಯ ಮೇಲೆ ಕಾಕು ಮೊರದಲ್ಲಿ ಜೋಳ ಕೇರುತ್ತಿದ್ದಳು. ಎದುರಿಗೆ ಕಳ್ಳಿ. ಆಕೆ ಮಾತಾಡುತ್ತಿದ್ದಳು. ಯಾವಗಲ್ಲಿನ ತಂಗಿಯ ಸುದ್ದಿ, ಮೊಣಕಾಲಿನ ನೋವು, ಕನಸಿನಲ್ಲಿ ಬಂದ ಅವ್ವ. ನಡುವೆ ನಗುತ್ತಲೂ ಇದ್ದಳು. ‘ನೋಡ್ರಿ, ಹ್ಯಾಂಗ ನಗಾಕತ್ತಾಳ’ ಎಂದು ಕಾಕಾ ಹಿಗ್ಗಿದ. ಆಗ ಕಾಕು ಮೊರ ಕೆಳಗಿಟ್ಟು ಕಳ್ಳಿಯ ಟೊಪ್ಪಿಗೆ ಸರಿಮಾಡಿದಳು.

‘ನೀನರ ಹೊಳ್ಳಿ ಮಾತಾಡ್ತಿ. ಅವ್ರಿಗೆ ನನ್ನ ದನಿನ ಮರತ ಹೋಗಿರಬೇಕು.’

‘ಮರತ ಹೋಗಿರಬೇಕು’ ಎಂದು ಕಳ್ಳಿ ಕುಣಿಯಿತು.

ಬೇವಿನ ಕೆಳಗೆ ಒಬ್ಬ ಹಗ್ಗ ಹೊಸೆಯುವುದು ಬಿಟ್ಟ, ಇನ್ನೊಬ್ಬ ಸುಮ್ಮನೆ ಎತ್ತಿನ ಬೆನ್ನು ಸವರತೊಡಗಿದ. ಕಾಕಾ ಮುಖ ಓದುವುದರಲ್ಲಿ ಹುಷಾರಿ. ನಗು ನಿಲ್ಲಿಸಿ ಒಬ್ಬೊಬ್ಬರನ್ನೇ ನೋಡಿ ನನ್ನ ಕಡೆ ತಿರುಗಿ, ಅಕಿ ಏನಂದಳು ಎಂದು ಕೇಳಿದ. ಹೇಗೆ ಹೇಳುವುದು? ಒದರಿದರೆ ಇಡೀ ಸಂತೆಗೆ ಕೇಳುತ್ತದೆ. ಹಿರಿಯ ದಲ್ಲಾಳಿಯೊಬ್ಬ ಅಭ್ಯಾಸಬಲದಿಂದ ಕಾಕಾನ ಕೈ ಹಿಡಿದು ಟವೆಲ್ಲು ಹೊದಿಸಿದ, ಆಮೇಲೆ ಏನು ಮಾಡಬೇಕೆಂದು ತಿಳಿಯದೆ ಹಾಗೆಯೇ ಹಿಡಿದು ನಿಂತ. ಟವೆಲ್ಲಿನ ಕೆಳಗಿನ ಭಾಷೆಯಲ್ಲಿ ಅಂಕಿಗಳಷ್ಟೇ ಇವೆ. ಕೊನೆಗೆ ನಾನು ನನ್ನ ಮೊಬೈಲಿನಲ್ಲಿ ಆಕೆಯ ಮಾತನ್ನು ಇದ್ದದ್ದು ಇದ್ದ ಹಾಗೆ ದೊಡ್ಡ ಅಕ್ಷರದಲ್ಲಿ ಬರೆದು ಅವನ ಮುಂದೆ ಹಿಡಿದೆ.

ಕಾಕಾ ಓದಿದ. ಮತ್ತೆ ಓದಿದ.

‘ಇದು ಇವರೆಲ್ಲಾರಿಗೂ ಕೇಳ್ತು?’

ನಾನು ಹೌದೆಂದು ತಲೆಯಾಡಿಸಿದೆ.

‘ನನಗೊಬ್ಬವಗ ಕೇಳಲಿಲ್ಲ’ ಎಂದ. ಅವತ್ತು ಸ್ಪೀಕರನ್ನು ಬೈಯಲಿಲ್ಲ.

ಮರುವಾರ ಗದಗಿಗೆ ಬಾ ಎಂದು ಕರೆ ಬಂತು. ಹೊಸ ನಮೂನಿಯ ಮಷೀನು ಬಂದಿದೆಯಂತೆ, ನೋಡೋಣವಂತೆ. ಕಿವಿಯ ಹೆಸರೆತ್ತಲಿಲ್ಲ, ನಾನೂ ಎತ್ತಲಿಲ್ಲ. ದವಾಖಾನೆಯ ಹುಡುಗಿ ಕಿವಿಯ ಪರೀಕ್ಷೆ ಮುಗಿಸಿ ಯಂತ್ರ ತೋರಿಸಿದಾಗ ಅದಕ್ಕೆ ಬ್ಲೂಟೂತ್ ಇದೆಯೇ ಎಂಬುದು ಅವನ ಮೊದಲ ಪ್ರಶ್ನೆ. ಇತ್ತು. ಮಾನ ಉಳಿಯಿತು. ಇಂದಿಗೂ ಸಂತೆಯಲ್ಲಿ ಅದನ್ನು ಫೋನಿಗೆ ಹಾಕಿಕೊಂಡದ್ದು ಎಂದೇ ಹೇಳುತ್ತಾನೆ. ಇಷ್ಟು ವರ್ಷ ಅವನ ಕಿವಿ ಚೆನ್ನಾಗಿವೆ ಎಂದು ನಂಬಿದಂತೆ ನಟಿಸಿದ ದಲ್ಲಾಳಿಗಳು ಇದನ್ನೂ ನಂಬಿದಂತೆ ನಟಿಸುತ್ತಾರೆ.

ಅವತ್ತು ಸಂಜೆ ಮನೆಗೆ ಬಂದವನೇ ಕಾಕುವಿನ ಎದುರು ಚಕ್ಕಳಮಕ್ಕಳ ಹಾಕಿ ಕೂತ. ಏನಾದರೂ ಮಾತಾಡು, ಸಾವಕಾಶ ಮಾತಾಡು ಎಂದ. ಒದರುವುದನ್ನು ಬಿಟ್ಟು ಬೇರೆ ಮಾತು ಕಾಕು ಅವನ ಜೊತೆ ಆಡಿ ಎಷ್ಟು ಕಾಲವಾಗಿತ್ತೋ.

‘ಏನ ಮಾತಾಡ್ಲಿರಿ?’ ಎಂದಳು, ಮೆಲ್ಲಗೆ.

ಕಾಕಾನ ಕಣ್ಣು ತುಂಬಿತು. ‘ಕಳ್ಳಿ ಮುಂದ ಏನೇನ ಹೇಳಿದ್ದೀ, ಅದನ್ನ ಹೇಳು. ಮೊದಲಿಂದ ಹೇಳು.’

ಇದೆಲ್ಲ ಆಗಿ ಕೆಲವು ವರ್ಷಗಳಾದವು. ಮೊನ್ನೆಯ ವಾಸನೆಯ ನೆಪದಿಂದ ನಿನ್ನೆ ಕರೆಯದೆಯೇ ಗಜೇಂದ್ರಗಡದ ಬಸ್ಸು ಹತ್ತಿದೆ. ಹೊಸ ಯಂತ್ರ ಏನಾದರೂ ಬಂದಿರಬೇಕು, ಎರಡು ಗುಂಡಿ ಒತ್ತಿ ಶಾಣ್ಯಾ ಅನ್ನಿಸಿಕೊಂಡು ಬರೋಣ ಎಂಬ ಆಸೆಯೂ ಇತ್ತು. ಬಾಗಿಲಲ್ಲಿ ನಿಂತು ಕಾಕಾ ಎಂದೆ. ಒಳಗೆ ಕಾಕು ಯಾವುದೋ ಸುದ್ದಿಯ ನಡುವೆ ಇದ್ದಳು. ಕಾಕಾ ನನ್ನ ಕಡೆ ತಿರುಗದೆ ಕೈಯೆತ್ತಿ ತಡೆದ.

‘ತಡಿ ತಮ್ಮಾ, ಅಕಿ ಮಾತ ಮುಗೀಲಿ.’

ನಾನು ಹೊರಗಿನ ಕಟ್ಟೆಯ ಮೇಲೆ ಕೂತೆ. ಬಹಳ ಹೊತ್ತು ಕೂರಬೇಕಾಯಿತು.